ಬೂದಿ, ಬೊಂಡ ಮತ್ತು ಮೂತ್ರಪಿಂಡ

ಮೂಲವಸ್ತುಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯುವಾಗ ಪ್ರತಿವರ್ಷವೂ ಯಾರಾದರೊಬ್ಬರು ಎದ್ದುನಿಂತು ಕೇಳುತ್ತಿದ್ದ ಪ್ರಶ್ನೆಯೊಂದುಂಟು. ಪೊಟ್ಯಾಸಿಯಂಗೆ ‘ಪಿ’ ಎಂಬ ಸಂಕೇತವನ್ನು ಕೊಡದೆ ‘ಕೆ’ ಎಂದು ಕೊಟ್ಟದ್ದೇಕೆ? ಇದನ್ನು ಓದುತ್ತಿರುವವರಲ್ಲಿ ಆ ಪ್ರಶ್ನೆ ಕೇಳಿದವರೂ ಕೆಲವರು ಇದ್ದಾರು. ಅದರ ಲ್ಯಾಟಿನ್ ಹೆಸರು ಕೇಲಿಯಂ ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹೋಗಬೇಕಾಗುತ್ತಿತ್ತು. ಪಾಠ ಮುಗಿಸುವ ಅವಸರ ಅಂಥದ್ದು. ಈಗ ಗಂಟೆ ಬಾರಿಸುವವರಿಲ್ಲವಾದ್ದರಿಂದ ಸಾವಕಾಶವಾಗಿ ಹೇಳಬಹುದು. ಅಲ್ಲದೆ ಆ ಮೂಲವಸ್ತುವಿನ ಹೆಸರು ಈಗ ಪಾಠಪುಸ್ತಕದಲ್ಲಿ ಮಾತ್ರ ಉಳಿದಿಲ್ಲ. ಪುತ್ತೂರು, ಸುಳ್ಯ, ಕಡಬದ ಮನೆಗಳ ಜಗಲಿಯಲ್ಲಿ, ‘ಪೊಟ್ಯಾಸಿಯಂ ಜಾಸ್ತಿ ಉಂಟಂತೆ, ಬೊಂಡ ಕುಡಿಯಲೇಬಾರದಂತೆ’ ಎಂಬ ಮಾತಾಗಿ ಕೇಳಿಬರುತ್ತಿದೆ. ಹೇಳುವವರ ದನಿಯಲ್ಲಿ ಅರ್ಧ ಭಯ, ಅರ್ಧ ಅಪನಂಬಿಕೆ. ಬೊಂಡವೇ ಆಗದು ಎಂದಾದರೆ ಇನ್ನು ಆಗುವುದು ಯಾವುದು ಎಂಬ ಆ ಅಪನಂಬಿಕೆಯ ಬಗ್ಗೆಯೇ ಈ ಬರಹ.

ಕೇಲಿಯಂ ಎಂಬ ಹೆಸರಿನ ಮೂಲ ಅರಬ್ಬೀ ಭಾಷೆಯಲ್ಲಿದೆ. ಗಿಡಗಳನ್ನು ಸುಟ್ಟು ಪಡೆದ ಬೂದಿ ಎಂಬುದು ಅದರ ಅರ್ಥ. ಪೊಟ್ಯಾಶ್ ಎಂಬ ಇಂಗ್ಲಿಷ್ ಪದವೂ ಅದೇ ಜಾತಿಯದು. ಮಡಕೆಯಲ್ಲಿ ಬೂದಿನೀರನ್ನು ಕುದಿಸಿ ಬತ್ತಿಸಿದಾಗ ತಳದಲ್ಲಿ ಉಳಿಯುವ ಬಿಳಿಯ ಪುಡಿ, ಅಂದರೆ ಮಡಕೆಯ ಬೂದಿ. ನಮ್ಮ ಭಾಷೆಯಲ್ಲಿ ಕ್ಷಾರ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರವನ್ನು ಪಾಕಮಾಡುವ ಕ್ರಮಕ್ಕೆಂದೇ ಒಂದು ಅಧ್ಯಾಯವಿದೆ. ಜವೆಗೋಧಿಯ ಬೂದಿಯಿಂದ ತೆಗೆಯುವ ಯವಕ್ಷಾರವು ಆಯುರ್ವೇದದ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ. ಅದರ ಬಹುಭಾಗ ಪೊಟ್ಯಾಸಿಯಂ ಕಾರ್ಬೊನೇಟ್. ನಮ್ಮ ಹಿರಿಯರಿಗೆ ಬೂದಿಯ ಗುಣ ತಿಳಿಯದ್ದೇನೂ ಅಲ್ಲ. ಪಾತ್ರೆ ಬೆಳಗಿದ್ದು ಬೂದಿಯಲ್ಲಿ, ಬಟ್ಟೆಯ ಕೊಳೆ ಬಿಡಿಸಿದ್ದು ಬೂದಿನೀರಿನಲ್ಲಿ, ತೆಂಗಿನ ಬುಡಕ್ಕೆ ಹಾಕಿದ್ದು ಒಲೆಯ ಬೂದಿಯನ್ನು. ತರಗೆಲೆಯನ್ನೂ ಮಣ್ಣನ್ನೂ ಒಟ್ಟಿ ಬೇಯಿಸಿದ ಸುಡುಮಣ್ಣು ತರಕಾರಿ ಸಾಲಿನ ಮೊದಲ ಗೊಬ್ಬರವಾಗಿತ್ತು.

ಇನ್ನೂ ಹಿಂದೆ ಹೋದರೆ ಬೂದಿಯಲ್ಲಿಯೇ ಬೇಸಾಯವಿತ್ತು. ಘಟ್ಟದ ಬುಡದ ಕಾಡನ್ನು ಕಡಿದು, ಒಣಗಿಸಿ, ಬೆಂಕಿಯಿಟ್ಟು, ಮೊದಲ ಮಳೆಗೆ ಆ ಬೂದಿಯ ಮೇಲೆ ಬಿತ್ತುವ ಕುಮರಿ ಅಥವಾ ಕುಮೇರಿ ಬೇಸಾಯ. 1801ರಲ್ಲಿ ದಕ್ಷಿಣ ಕನ್ನಡವನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಇದನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಹತ್ತೊಂಬತ್ತನೆಯ ಶತಮಾನದ ದ್ವಿತೀಯಾರ್ಧದಲ್ಲಿ ಸರಕಾರ ಅರಣ್ಯದ ಹೆಸರಿನಲ್ಲಿ ಅದನ್ನು ಬಿಗಿಗೊಳಿಸಿತು. ಈಗ ಕುಮೇರಿ ಎಂಬುದು ಸ್ಥಳನಾಮಗಳಲ್ಲಿ ಮಾತ್ರ ಉಳಿದಿದೆ. ಬುಕಾನನ್ನನ ಆ ಮೂರು ಸಂಪುಟಗಳು ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಅದೇ ಲಂಡನ್ನಿನಲ್ಲಿ, ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಹಂಫ್ರಿ ಡೇವಿ ಎಂಬ ಇಪ್ಪತ್ತೆಂಟರ ತರುಣ ಪೊಟ್ಯಾಶಿನ ಕ್ಷಾರದ ಮೂಲಕ ವಿದ್ಯುತ್ತನ್ನು ಹಾಯಿಸಿದಾಗ ಬೆಳ್ಳಿಯಂಥ ಸಣ್ಣ ಸಣ್ಣ ಗುಂಡುಗಳು ಹೊರಬಿದ್ದು ಹೊತ್ತಿಕೊಂಡು ಉರಿದವು. ಆತ ಸಂತೋಷ ತಡೆಯಲಾರದೆ ಕೋಣೆಯಲ್ಲೆಲ್ಲ ಕುಣಿದಾಡಿದನೆಂದು ಅವನ ಸಹಾಯಕನಾಗಿದ್ದ ಬಂಧು ಬರೆದಿಟ್ಟಿದ್ದಾನೆ. ಬೂದಿಯೊಳಗೆ ಲೋಹವಿದೆ ಎಂದು ಪ್ರಪಂಚಕ್ಕೆ ತಿಳಿದದ್ದು ಹೀಗೆ. ಈ ಎರಡು ಘಟನೆಗಳಿಗೂ ಸಂಬಂಧವೇನಿಲ್ಲ. ಆದರೂ ನಮ್ಮ ಕುಮೇರಿಯ ಬೂದಿಯೂ ಡೇವಿಯ ಲೋಹವೂ ಒಂದೇ ವರ್ಷ ಒಂದೇ ಊರಿನಲ್ಲಿ ಬೆಳಕಿಗೆ ಬಂದವೆಂಬುದು ನನಗೆ ಯಾವಾಗಲೂ ಮೋಜೆನಿಸಿದೆ.

1840ರಲ್ಲಿ ಜರ್ಮನಿಯ ಲೀಬಿಗ್ ಬೆಳೆಗಳಿಗೆ ಈ ಕ್ಷಾರ ಅತ್ಯಗತ್ಯವೆಂದು ವಾದಿಸಿದ. ಮುಂದೆ 1860ರ ದಶಕದಲ್ಲಿ ಆ ದೇಶದ ಸ್ಟಾಸ್‌ಫರ್ಟ್ ಗಣಿಗಳಿಂದ ಪೊಟ್ಯಾಶ್ ಉಪ್ಪು ಗೊಬ್ಬರವಾಗಿ ಹೊರಬರತೊಡಗಿತು. ನಮ್ಮ ತೋಟಗಳಿಗೆ ಅದು ಚೀಲದಲ್ಲಿ ಬಂದದ್ದು ಬಹಳ ತಡವಾಗಿ. ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿಂದ ಬಂದ ಶಿಫಾರಸನ್ನು ನಮ್ಮ ಕೃಷಿಕರು ಮಗ್ಗಿಯಂತೆ ಒಪ್ಪಿಸಬಲ್ಲರು: ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್. ಮೂರರಲ್ಲಿ ದೊಡ್ಡ ಪಾಲು ಪೊಟ್ಯಾಶಿನದೇ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಗೊಬ್ಬರದ ಲೆಕ್ಕದಲ್ಲಿ ಪೊಟ್ಯಾಶ್ ಎಂದರೆ ಪೊಟ್ಯಾಸಿಯಂನ ಆಕ್ಸೈಡು. ಆ 140 ಗ್ರಾಂನಲ್ಲಿ ಶುದ್ಧ ಪೊಟ್ಯಾಸಿಯಂ ಸುಮಾರು 116 ಗ್ರಾಂ. ಆರೋಗ್ಯವಂತ ವಯಸ್ಕರು ದಿನಕ್ಕೆ ಕನಿಷ್ಠ ಮೂರೂವರೆ ಗ್ರಾಂ ಪೊಟ್ಯಾಸಿಯಂ ಆಹಾರದಿಂದ ಪಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿತು. ವರ್ಷಕ್ಕೆ ಅದು ಒಂದೂಕಾಲು ಕಿಲೋ ದಾಟುತ್ತದೆ. ಎಂದರೆ ಒಬ್ಬ ಮನುಷ್ಯ ಹನ್ನೊಂದು ಅಡಿಕೆ ಮರಗಳ ಪೊಟ್ಯಾಶನ್ನು ತಿಂದು ಅರಗಿಸುತ್ತಾನೆ. ಆದರೆ ಅವನ ದೇಹದಲ್ಲಿ ಯಾವುದೇ ಒಂದು ಕ್ಷಣದಲ್ಲಿ ಇರುವುದು 130–140 ಗ್ರಾಂ ಮಾತ್ರ. ಹೆಚ್ಚುಕಡಿಮೆ ಒಂದು ಮರದ ಪಾಲಿನಷ್ಟು. ಉಳಿದದ್ದೆಲ್ಲ ದಿನದಿನವೂ ಹೊರಗೆ ಹೋಗಬೇಕು. ಅದರ ಹತ್ತರಲ್ಲಿ ಒಂಬತ್ತು ಪಾಲನ್ನು ಹೊರಹಾಕುವುದು ಬೆನ್ನಿನ ಇಕ್ಕೆಲಗಳಲ್ಲಿ ಮುಷ್ಟಿಯಷ್ಟು ದೊಡ್ಡದಾಗಿರುವ ಎರಡು ಮೂತ್ರಪಿಂಡಗಳು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ದೇಹದ ಪೊಟ್ಯಾಸಿಯಂನಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಜೀವಕೋಶಗಳ ಒಳಗೇ ಇರುತ್ತದೆ. ಹೊರಗಿನ ದ್ರವದಲ್ಲಿ, ರಕ್ತವನ್ನೂ ಸೇರಿಸಿ, ಇರುವುದು ಎರಡು ಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನೂರು ಮಿಲಿಲೀಟರ್ ಬೊಂಡದ ನೀರಿನಲ್ಲಿ ಸುಮಾರು ಕಾಲು ಗ್ರಾಂ ಪೊಟ್ಯಾಸಿಯಂ ಇರುವುದರಿಂದ, ಒಂದು ಒಳ್ಳೆಯ ಬೊಂಡದಲ್ಲಿ ಮುಕ್ಕಾಲರಿಂದ ಒಂದು ಗ್ರಾಂವರೆಗೆ ಸಿಗುತ್ತದೆ. ಎರಡು ಗ್ರಾಂ ಇರುವಲ್ಲಿಗೆ ಒಂದು ಗ್ರಾಂ ಬಂದು ಸೇರುತ್ತದೆ! ಆರೋಗ್ಯವಂತರಲ್ಲಿ ಇದರಿಂದ ಏನೂ ಆಗುವುದಿಲ್ಲ. ಜೀವಕೋಶಗಳು ಬಂದದ್ದನ್ನು ಒಳಗೆ ಎಳೆದುಕೊಳ್ಳುತ್ತವೆ, ಕೆಲವು ಗಂಟೆಗಳಲ್ಲಿ ಮೂತ್ರಪಿಂಡಗಳು ಹೆಚ್ಚಾದುದನ್ನು ಹೊರಹಾಕುತ್ತವೆ. ಬಿಸಿಲಲ್ಲಿ ದುಡಿದು ಬಂದವನಿಗೆ ಬೊಂಡ ಕೊಡುವ ನಮ್ಮ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಮೂತ್ರಪಿಂಡವೇ ಸೋತವರ ಸಂಗತಿ ಬೇರೆ.

ಹೆಚ್ಚಾದರೆ ಏನಾಗುತ್ತದೆ? ಅದಕ್ಕೆ ಉತ್ತರ ದೊರೆತದ್ದು ಕಪ್ಪೆಯ ಹೃದಯದಿಂದ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1882–83ರಲ್ಲಿ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿಟ್ಟು ಅದು ಎಷ್ಟು ಹೊತ್ತು ಬಡಿಯುತ್ತದೆಂದು ನೋಡುತ್ತಿದ್ದ. ಒಮ್ಮೆ ಹೃದಯ ಅನಿರೀಕ್ಷಿತವಾಗಿ ಬಹಳ ಹೊತ್ತು ಬಡಿಯಿತು. ವಿಚಾರಿಸಿದಾಗ, ದ್ರಾವಣವನ್ನು ಭಟ್ಟಿ ಇಳಿಸಿದ ನೀರಿನ ಬದಲು ನಲ್ಲಿಯ ನೀರಿನಿಂದ ತಯಾರಿಸಿದ್ದು ತಿಳಿಯಿತು. ನಲ್ಲಿನೀರಿನಲ್ಲಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ಬಡಿಸುತ್ತಿತ್ತು. ಪೊಟ್ಯಾಸಿಯಂ ಹೆಚ್ಚಿದಾಗಲಾದರೋ ಹೃದಯ ಸಡಿಲಗೊಂಡು ನಿಂತುಬಿಡುತ್ತಿತ್ತು. ಇಂದಿಗೂ ಪೊಟ್ಯಾಸಿಯಂ ಏರಿ ಹೃದಯದ ಲಯ ತಪ್ಪಿದ ರೋಗಿಯನ್ನು ಆಸ್ಪತ್ರೆಗೆ ತಂದರೆ ಮೊದಲು ಕೊಡುವುದು ಕ್ಯಾಲ್ಸಿಯಂ ಚುಚ್ಚುಮದ್ದನ್ನೇ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5ರಷ್ಟು ಇರಬೇಕೆಂದು ಪ್ರಯೋಗಾಲಯದ ಚೀಟಿಯಲ್ಲಿ ಬರೆದಿರುತ್ತದೆ. 6 ದಾಟಿದರೆ ವೈದ್ಯರು ಅವಸರಿಸುತ್ತಾರೆ. ಕೆಲವರಿಗೆ ಕೈಕಾಲು ಸೋತಂತಾಗುತ್ತದೆ. ಅನೇಕರಿಗೆ ಯಾವ ಸೂಚನೆಯೂ ಇರುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಬಾಯಿರುಚಿ ಕೆಟ್ಟಿಲ್ಲ. ಬೇಡವೆನ್ನಲು ದೇಹ ಸಹಾಯಮಾಡದ ಪಥ್ಯ ಇದು.

ಮೂತ್ರಪಿಂಡದ ಕಾಯಿಲೆಯನ್ನು ಪ್ರತ್ಯೇಕ ರೋಗವಾಗಿ ಗುರುತಿಸಿದವನು ರಿಚರ್ಡ್ ಬ್ರೈಟ್, 1827ರಲ್ಲಿ. ಅಲ್ಲಿಂದ ನೂರಹದಿನಾರು ವರ್ಷ ವೈದ್ಯರು ಹೆಸರು ಹೇಳಬಲ್ಲವರಾಗಿದ್ದರೇ ಹೊರತು ಕೈಕೆಟ್ಟ ಮೂತ್ರಪಿಂಡದ ಕೆಲಸವನ್ನು ಮಾಡಿಕೊಡಬಲ್ಲವರಾಗಿರಲಿಲ್ಲ. 1943ರಲ್ಲಿ, ಹಿಟ್ಲರನ ಸೈನ್ಯದ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯ, ಮಾಂಸದ ತಿನಿಸು ತುಂಬಿಸಲು ಬಳಸುವ ಸೆಲೊಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸುತ್ತ, ಕೊಳವೆಯೊಳಗೆ ರೋಗಿಯ ರಕ್ತವನ್ನು ಹರಿಸಿದ. ಕೊಳೆ ನೀರಿಗಿಳಿಯಿತು, ರಕ್ತ ಉಳಿಯಿತು. ಮೊದಲ ಎರಡು ವರ್ಷ ಅವನ ರೋಗಿಗಳು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. 1945ರಲ್ಲಿ ಅರುವತ್ತೇಳರ ವೃದ್ಧೆಯೊಬ್ಬರು ಬದುಕಿದರು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸ್ಕ್ರಿಬ್ನರ್, ರಕ್ತನಾಳಕ್ಕೆ ಟೆಫ್ಲಾನ್ ನಳಿಕೆ ಜೋಡಿಸಿ ವಾರವಾರವೂ ಡಯಾಲಿಸಿಸ್ ಮಾಡುವ ದಾರಿ ತೋರಿಸಿದ. ನಮ್ಮ ದೇಶದಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಗಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ.

ಇತ್ತ ನಮ್ಮ ಕಡೆ ಮಂಗಳೂರಿಗೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂದದ್ದು 1955ರಲ್ಲಿ. ಸುಳ್ಯದಂಥ ಊರಿಗೂ ಕುರುಂಜಿ ವೆಂಕಟ್ರಮಣ ಗೌಡರ ಸಾಹಸದಿಂದ 2000ದ ದಶಕದ ಆರಂಭದಲ್ಲಿ ವೈದ್ಯಕೀಯ ಕಾಲೇಜು ಬಂತು. ಆದರೆ ದೀರ್ಘಕಾಲ, ಮೂತ್ರಪಿಂಡ ಕೆಟ್ಟಿತೆಂದರೆ ಮಂಗಳೂರು ಅಥವಾ ಮಣಿಪಾಲ. ಬೆಳಗಿನ ಬಸ್ಸು ಹಿಡಿದು ಹೋಗಿ ರಾತ್ರಿ ಮರಳುವುದು. ಆ ಪ್ರಯಾಣ ಮತ್ತು ಖರ್ಚನ್ನು ತಾಳಲಾರದೆ ನಡುವೆಯೇ ನಿಲ್ಲಿಸಿದವರ ಸಂಖ್ಯೆ ಯಾವ ಕಡತದಲ್ಲಿಯೂ ಇಲ್ಲ. 2016–17ರ ಕೇಂದ್ರ ಮುಂಗಡಪತ್ರದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟವಾಯಿತು. ನಮ್ಮ ರಾಜ್ಯದಲ್ಲಿ ತಾಲೂಕು ಆಸ್ಪತ್ರೆಗಳಲ್ಲಿಯೂ ಉಚಿತ ಘಟಕಗಳು ತೆರೆದವು. ಹಳೆಯ ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳಿಂದ ಈಚೆಗೆ ರೂಪುಗೊಂಡ ಕಡಬದವರಿಗೆ, ಅದರಲ್ಲಿಯೂ ಘಟ್ಟದ ಬುಡದ ಊರುಗಳವರಿಗೆ, ದಾರಿ ಈಗಲೂ ಉದ್ದವೇ.

ಹೀಗೆ ಯಂತ್ರ ಊರಿಗೆ ಬಂತು, ಅದರ ಪಥ್ಯ ಮಾತ್ರ ಊರಿನೊಳಗೆ ಬರಲಿಲ್ಲ. ನನ್ನ ಆತಂಕ ಇರುವುದು ಇಲ್ಲಿ.

‘ಕಿಡ್ನಿ ಪ್ರಾಬ್ಲಂ’ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಕಾಯಿಲೆಗಳನ್ನು ಸೇರಿಸಿಬಿಟ್ಟಿದ್ದೇವೆ. ಒಂದು, ಮೂತ್ರದ ಕಲ್ಲು. ಕಲ್ಲಿರುವವರಿಗೆ ಹೇರಳವಾಗಿ ನೀರು ಕುಡಿಯಿರಿ ಎನ್ನುತ್ತಾರೆ; ಮನೆಮದ್ದಾಗಿ ಬೊಂಡ, ಬಾಳೆದಿಂಡಿನ ರಸ, ಬಾರ್ಲಿ ನೀರು. ಇನ್ನೊಂದು, ಮೂತ್ರಪಿಂಡವೇ ಕ್ರಮೇಣ ನಿಷ್ಕ್ರಿಯವಾಗುವುದು; ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಅದರ ಮುಖ್ಯ ಕಾರಣ. ಆ ಸ್ಥಿತಿ ಮುಂದುವರಿದವರಿಗೆ ನೀರಿಗೂ ಮಿತಿ, ಪೊಟ್ಯಾಸಿಯಂಗೂ ಮಿತಿ. ಮೊದಲನೆಯದಕ್ಕೆ ಹೇಳಿದ ಮದ್ದು ಎರಡನೆಯದಕ್ಕೆ ವಿಷವಾಗುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರನ್ನು ನೋಡಲು ಹೋಗುವ ನೆಂಟರು ಕೈಯಲ್ಲಿ ಏನು ಹಿಡಿದುಕೊಂಡು ಹೋಗುತ್ತಾರೆಂದು ಒಮ್ಮೆ ಗಮನಿಸಿ. ತೋಟದಿಂದ ಇಳಿಸಿದ ನಾಲ್ಕು ಬೊಂಡ, ಒಂದು ಚಿಪ್ಪು ಕದಳಿ ಅಥವಾ ನೇಂದ್ರ ಬಾಳೆಹಣ್ಣು, ಕಾಲಕ್ಕೆ ತಕ್ಕಂತೆ ಅರ್ಧ ಹಲಸಿನಹಣ್ಣು. ‘ಕಿಡ್ನಿಗೆ ತಂಪು, ಕುಡಿಯಿರಿ ಅಣ್ಣಾ, ಮದ್ದು ಹಾಕದ ಮರದ್ದು’ ಎಂಬ ಪ್ರೀತಿಯ ಮಾತು ಬೇರೆ. ಮದ್ದು ಹೊಡೆಯದ ಮರವೆಂಬುದು ನಿಜವಿರಬಹುದು. ಆದರೆ ಬೊಂಡದೊಳಗಿನ ಪೊಟ್ಯಾಸಿಯಂ ಮರದ್ದೇ ಸ್ವಂತ. ಬೂದಿ ಹಾಕಿದರೂ ಚೀಲದ ಗೊಬ್ಬರ ಹಾಕಿದರೂ ಅದು ಅಲ್ಲಿರುತ್ತದೆ. ಸಾವಯವ ಎಂಬ ಕಾರಣಕ್ಕೆ ಹೃದಯ ರಿಯಾಯಿತಿ ತೋರಿಸುವುದಿಲ್ಲ.

ಬೊಂಡವನ್ನು ನಿರಾಕರಿಸುವುದು ನಮ್ಮಲ್ಲಿ ಎಷ್ಟು ಕಷ್ಟವೆಂದು ಘಟ್ಟದ ಮೇಲಿನವರಿಗೆ ತಿಳಿಯಲಿಕ್ಕಿಲ್ಲ. ನಾಗರಪಂಚಮಿಯಂದು ನಾಗನಿಗೆ ಎರೆಯುವುದು ಹಾಲು ಮತ್ತು ಎಳನೀರು. ದೇವರಿಗೂ ಅಭಿಷೇಕ ಅದರದೇ. ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು, ಸಲಿಗೆಯವರಾದರೆ ಬೊಂಡ. ಎಲ್ಲಕ್ಕಿಂತ ಪರಿಶುದ್ಧವಾದುದು, ಯಾರ ಕೈಯೂ ತಾಗದ್ದು ಎಂಬ ಭಾವನೆ ಅದರ ಸುತ್ತ ಇದೆ. ಬೆಲ್ಲವೂ ಪೊಟ್ಯಾಸಿಯಂನಲ್ಲಿ ಬಡವನಲ್ಲ. ಬಿಳಿಯ ಸಕ್ಕರೆಯಲ್ಲಿ ಅದು ಇಲ್ಲವೆಂದೇ ಹೇಳಬಹುದು. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದು ಎಂದು ತರಗತಿಯಲ್ಲಿ ಬೋಧಿಸುತ್ತಿದ್ದ ನಮ್ಮಂಥವರಿಗೆ ಇದು ಸ್ವಲ್ಪ ಇರುಸುಮುರುಸಿನ ಸಂಗತಿ.

ನಮ್ಮ ಆಟಿ ತಿಂಗಳ ಊಟವನ್ನೇ ನೋಡಿ. ಹಿಂದೆ ಅದು ಹಸಿವಿನ ತಿಂಗಳು. ಏಣೆಲು ನಾಟಿ ಮುಗಿದಿರುತ್ತಿತ್ತು, ಪತ್ತಾಯದ ಭತ್ತ ತಳಕಂಡಿರುತ್ತಿತ್ತು, ಹೊರಗೆ ಹೋಗಲು ಮಳೆ ಬಿಡುತ್ತಿರಲಿಲ್ಲ. ಆಗ ಕೈಹಿಡಿದದ್ದು ಹಿತ್ತಿಲು: ಕೆಸುವಿನೆಲೆಯ ಪತ್ರೊಡೆ, ತಗಟೆ ಸೊಪ್ಪು, ಕಣಿಲೆ, ಭರಣಿಯ ಉಪ್ಪುಸೊಳೆ, ಸುಟ್ಟ ಹಲಸಿನ ಬೀಜ, ಜೀಗುಜ್ಜೆ, ಬಾಳೆಯ ದಿಂಡು ಮತ್ತು ಪೂಂಬೆ. ಈ ಪಟ್ಟಿಯನ್ನು ಇಂದಿನ ಪೌಷ್ಟಿಕಾಂಶದ ಕೋಷ್ಟಕದ ಪಕ್ಕದಲ್ಲಿಟ್ಟರೆ ಹೆಚ್ಚಿನವು ಪೊಟ್ಯಾಸಿಯಂನ ಗಣಿಗಳು. ನೂರು ಗ್ರಾಂ ಹಸಿ ಕೆಸುವಿನೆಲೆಯಲ್ಲಿ ಸುಮಾರು 650 ಮಿಲಿಗ್ರಾಂ, ಜೀಗುಜ್ಜೆಯಲ್ಲಿ 490, ಹಲಸಿನ ತೊಳೆಯಲ್ಲಿ 450, ಬಾಳೆಹಣ್ಣಿನಲ್ಲಿ 350. ಅದೇ ಅನಾನಸು, ಸೇಬುಗಳಲ್ಲಿ 110ರ ಆಸುಪಾಸು. ಮಿತಿಯಲ್ಲಿರಬೇಕಾದವರಿಗೆ ದಿನವೊಂದಕ್ಕೆ ಎರಡು, ಎರಡೂವರೆ ಗ್ರಾಂ ಎಂದು ಹೇಳುವ ವಾಡಿಕೆ. ಎಂದರೆ ಒಂದು ಬೊಂಡ ಮತ್ತು ಹತ್ತು ತೊಳೆ ಹಲಸಿನಹಣ್ಣಿಗೆ ದಿನದ ಬಹುಪಾಲು ಲೆಕ್ಕ ಮುಗಿಯಿತು. ಊಟ ಇನ್ನೂ ಆಗಿಲ್ಲ. ಪುತ್ತೂರಿನಲ್ಲಿ 1986ರಿಂದ ಚಾಕಲೇಟು ತಯಾರಾಗುತ್ತಿದೆಯಷ್ಟೆ. ಅಡಿಕೆಯ ನಡುವೆ ಬೆಳೆಯುವ ಆ ಕೊಕ್ಕೋವೂ ಇದೇ ಪಂಗಡಕ್ಕೆ ಸೇರಿದ್ದು.

ಹಲಸಿನ ವಿಚಾರದಲ್ಲಿ ಒಂದು ಮಾತು. 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಹಲಸಿಗೆ ಮರಳಿ ಗೌರವ ತಂದುಕೊಟ್ಟಿತು. ಅದು ಮೆಚ್ಚತಕ್ಕ ಕೆಲಸ. ಬೆಳೆದ ಕಾಯಿಹಲಸು ಸಕ್ಕರೆ ಕಾಯಿಲೆಯವರಿಗೆ ಹಿತವೆಂಬ ಪ್ರಚಾರವೂ ಈಚೆಗೆ ಜೋರಾಗಿದೆ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಅನೇಕರ ಮೂತ್ರಪಿಂಡ ವರ್ಷಗಳು ಕಳೆದಂತೆ ಸೊರಗುತ್ತದೆ. ನಿನ್ನೆ ಹಿತವಾದದ್ದು ಇಂದು ಅಹಿತವಾಗುವ ಆ ತಿರುವು ಯಾವಾಗ ಬಂತೆಂಬುದು ನಾಲಿಗೆಗೆ ತಿಳಿಯುವುದಿಲ್ಲ, ರಕ್ತಪರೀಕ್ಷೆಗೆ ಮಾತ್ರ ತಿಳಿಯುತ್ತದೆ.

ಹಾಗಾದರೆ ಇವರು ಉಣ್ಣುವುದೇನು? ನಮ್ಮ ಅಡುಗೆಮನೆಯಲ್ಲಿಯೇ ಉತ್ತರದ ಅರ್ಧ ಭಾಗ ಇದೆ. ಪೊಟ್ಯಾಸಿಯಂ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಬೂದಿಯಿಂದ ಕ್ಷಾರ ತೆಗೆಯುವುದು ಸಾಧ್ಯವಾದದ್ದೇ ಆ ಗುಣದಿಂದ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ನೀರನ್ನು ಚೆಲ್ಲಿದರೆ ಅದರ ಗಣನೀಯ ಭಾಗ ಹೊರಟುಹೋಗುತ್ತದೆ. ಎರಡು ಸಲ ಹೀಗೆ ಮಾಡಿದರೆ ಬಟಾಟೆಯಂಥ ಗೆಡ್ಡೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಬರಿದೆ ತಣ್ಣೀರಿನಲ್ಲಿ ನೆನೆಸಿಟ್ಟರೆ ಅಷ್ಟು ಪ್ರಯೋಜನವಿಲ್ಲ. ನಮ್ಮ ಅಜ್ಜಿಯಂದಿರು ಕಣಿಲೆಯನ್ನು ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲುತ್ತಿದ್ದುದು ಅದರ ವಿಷಾಂಶ ಹೋಗಲೆಂದು. ಉಪ್ಪುಸೊಳೆಯನ್ನು ಹಿಂಡಿ ಹಿಂಡಿ ತೊಳೆಯುತ್ತಿದ್ದುದು ಉಪ್ಪು ಹೋಗಲೆಂದು. ಪೂಂಬೆಯನ್ನು ಬೇಯಿಸಿ ಬಸಿಯುತ್ತಿದ್ದುದು ಒಗರು ಹೋಗಲೆಂದು. ಅವರ ಉದ್ದೇಶ ಬೇರೆ ಇತ್ತು. ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ನಾನು ಹೇಳಹೊರಟಿಲ್ಲ, ಆ ವಾದ ನನಗೆ ಹಿಡಿಸುವುದೂ ಇಲ್ಲ. ಆದರೆ ನೀರು ಬಸಿಯುವ ಕೈ ನಮ್ಮ ಮನೆಗಳಲ್ಲಿ ಇದೆ, ಹೊಸದಾಗಿ ಕಲಿಯಬೇಕಾಗಿಲ್ಲ. ಕುಚ್ಚಲಕ್ಕಿ ಅನ್ನವನ್ನು ಬಸಿದು ಉಣ್ಣುವ ನಾಡು ಇದು.

ಈ ಲೆಕ್ಕ ತಪ್ಪುವುದು ಸಾರಿನಲ್ಲಿ. ತರಕಾರಿಯಿಂದ ಇಳಿದದ್ದು ಕೊದ್ದೆಲಿನ ರಸದಲ್ಲಿ ಉಳಿದಿರುತ್ತದೆ. ಹೋಳನ್ನು ಬಿಟ್ಟು ಬರೀ ತಿಳಿ ಬಡಿಸಿಕೊಂಡೆ ಎನ್ನುವವರು ಬೇಡವಾದುದನ್ನೇ ಬಡಿಸಿಕೊಂಡಿದ್ದಾರೆ. ಪತ್ರೊಡೆಯಂತೆ ಆವಿಯಲ್ಲಿ ಬೆಂದುದರಿಂದ ಏನೂ ಹೊರಹೋಗುವುದಿಲ್ಲ. ಉಪ್ಪುಸೊಳೆಯಲ್ಲಿ ಪೊಟ್ಯಾಸಿಯಂ ಇಳಿದರೂ ಉಪ್ಪು ಏರಿರುತ್ತದೆ. ಉಪ್ಪಿನ ಹಿಂದೆ ಬಾಯಾರಿಕೆ, ಬಾಯಾರಿಕೆಯ ಹಿಂದೆ ನೀರು, ನೀರಿನ ಹಿಂದೆ ಕಾಲು ಬಾತುಕೊಳ್ಳುವುದು.

ಕೋಷ್ಟಕವನ್ನು ಮಾತ್ರ ನಂಬಿ ಕುಳಿತರೆ ಮೋಸಹೋಗುವ ಒಂದು ಹಣ್ಣು ನಮ್ಮ ಹಿತ್ತಿಲಲ್ಲಿಯೇ ಇದೆ: ದಾರೆಹುಳಿ. ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ, ಉಪ್ಪು-ಮೆಣಸು ಸವರಿಕೊಂಡು ಶಾಲೆಗೆ ತರುತ್ತಿದ್ದಿರಲ್ಲ, ಅದೇ. ಪೊಟ್ಯಾಸಿಯಂ ಅದರಲ್ಲಿ ಹೆಚ್ಚೇನಿಲ್ಲ, ನೂರು ಗ್ರಾಂಗೆ 130ರಷ್ಟು. ಆದರೆ 1990ರ ದಶಕದಲ್ಲಿ ಬ್ರೆಜಿಲಿನ ವೈದ್ಯರು ಡಯಾಲಿಸಿಸ್ ರೋಗಿಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಈ ಹಣ್ಣನ್ನು ತಿಂದವರಿಗೆ ನಿಲ್ಲದ ಬಿಕ್ಕಳಿಕೆ, ಬಳಿಕ ಮಂಕು, ಕೆಲವರಿಗೆ ಅಪಸ್ಮಾರದಂಥ ಸೆಳೆತ, ಮರಣ. 2013ರಲ್ಲಿ ಅಲ್ಲಿನ ವಿಜ್ಞಾನಿಗಳು ಹಣ್ಣಿನಲ್ಲಿರುವ ನರವಿಷವನ್ನು ಬೇರ್ಪಡಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ಸೋತ ಮೂತ್ರಪಿಂಡ ಹಾಕಲಾರದು. ಮೂತ್ರಪಿಂಡದ ಕಾಯಿಲೆಯವರಿಗೆ ಇದು ಮಿತಿಯಲ್ಲಿ ಅಲ್ಲ, ಸಂಪೂರ್ಣ ವರ್ಜ್ಯ. ಅದರ ದಾಯಾದಿ ಬಿಂಬುಳಿ ಇನ್ನೊಂದು ಬಗೆ. ಕೊಲೆಸ್ಟರಾಲ್ ಇಳಿಸುತ್ತದೆಂಬ ನಂಬಿಕೆಯಿಂದ ಅದರ ರಸವನ್ನು ಲೋಟಗಟ್ಟಲೆ ಕುಡಿದ ಹತ್ತು ಮಂದಿಯ ಮೂತ್ರಪಿಂಡಗಳು ಆಕ್ಸಲೇಟ್ ಹರಳುಗಳಿಂದ ಹಾನಿಗೊಂಡ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದರು. ಚಟ್ನಿಗೆ ಒಂದೆರಡು ಬಿಂಬುಳಿ ಹಾಕುವುದು ಬೇರೆ, ಅದನ್ನು ಔಷಧಿಯೆಂದು ಕುಡಿಯುವುದು ಬೇರೆ.

ಪೇಟೆಯಿಂದ ಬರುವ ಅಪಾಯವೂ ಒಂದಿದೆ. ರಕ್ತದೊತ್ತಡದವರಿಗೆಂದು ಮಾರುವ ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿಗೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುತ್ತಾರೆ; ನಾವು ಅಡಿಕೆಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಎಂಬುದರ ಶುದ್ಧ ರೂಪವೇ ಅದು. ಬೇರೆಯವರಿಗೆ ಅದರಿಂದ ಉಪಕಾರವಾದೀತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಅದನ್ನು ಶಿಫಾರಸು ಮಾಡುವಾಗ ಮೂತ್ರಪಿಂಡದ ತೊಂದರೆಯಿರುವವರನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಪೊಟ್ಟಣದ ಹಿಂಬದಿಯ ಸಣ್ಣಕ್ಷರವನ್ನು ಓದಿಸಲು ಮನೆಯಲ್ಲಿರುವ ಮೊಮ್ಮಕ್ಕಳನ್ನು ಕರೆಯಿರಿ.

ಇಷ್ಟೆಲ್ಲ ಓದಿ, ಮೂತ್ರಪಿಂಡದಲ್ಲಿ ಸ್ವಲ್ಪ ತೊಂದರೆ ಎಂದು ಕೇಳಿದೊಡನೆ ಹಣ್ಣುತರಕಾರಿಗಳನ್ನೆಲ್ಲ ನಿಲ್ಲಿಸುವುದೂ ಸರಿಯಲ್ಲ. ಹಿಂದೆ ಎಲ್ಲರಿಗೂ ಒಂದೇ ಉದ್ದದ ನಿಷೇಧಪಟ್ಟಿ ಕೊಡುತ್ತಿದ್ದರು. 2020ರ ಬಳಿಕ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಆ ಕ್ರಮವನ್ನು ಸಡಿಲಿಸಿವೆ. ಆರಂಭದ ಹಂತದಲ್ಲಿ, ರಕ್ತದ ಪೊಟ್ಯಾಸಿಯಂ ಸರಿಯಾಗಿರುವವರಿಗೆ ತರಕಾರಿಯಿಂದ ಲಾಭವೇ ಹೆಚ್ಚು. ಕೆಲವು ರಕ್ತದೊತ್ತಡದ ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ಇಳಿಸುತ್ತವೆ. ಆದುದರಿಂದ ಪಕ್ಕದ ಮನೆಯವರ ಪಥ್ಯ ನಿಮ್ಮದಲ್ಲ. ನಿಮ್ಮ ಚೀಟಿಯ ಅಂಕಿಯನ್ನು ಹಿಡಿದು ನಿಮ್ಮ ವೈದ್ಯರನ್ನೇ ಕೇಳಬೇಕು.

ಡಯಾಲಿಸಿಸ್‌ನಲ್ಲಿರುವವರ ಮನೆಯವರಿಗೆ ಮಾತ್ರ ಇನ್ನೊಂದು ವಿಷಯ ಹೇಳಬೇಕು. ಎರಡು ಡಯಾಲಿಸಿಸ್‌ಗಳ ನಡುವಿನ ಬಿಡುವು ಉದ್ದವಾದಷ್ಟೂ ಪೊಟ್ಯಾಸಿಯಂ ಏರುತ್ತದೆ. ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವ ಮೂವತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2011ರ ಅಧ್ಯಯನದಲ್ಲಿ, ಎರಡು ದಿನ ಬಿಡುವಿನ ಬಳಿಕದ ದಿನ ಸಾವು ಉಳಿದ ದಿನಗಳಿಗಿಂತ ಹೆಚ್ಚೆಂದು ಕಂಡಿತು. ನಮ್ಮಲ್ಲಿ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರು ಅನೇಕರು. ಅವರ ಬಿಡುವು ಇನ್ನೂ ಉದ್ದ. ಘಟಕಗಳಿಗೆ ಸಾಮಾನ್ಯವಾಗಿ ರಜೆಯಿರುವ ಭಾನುವಾರವೇ ನಮ್ಮ ಗೃಹಪ್ರವೇಶಗಳೂ ಮದುವೆಯ ಔತಣಗಳೂ ಇರುತ್ತವೆ. ಹಲಸಿನಹಣ್ಣಿನ ಪಾಯಸ, ಬೆಲ್ಲ, ಬಾಳೆಹಣ್ಣು, ಕೊನೆಗೆ ಅಂಗಳದಲ್ಲಿ ಕೆತ್ತಿಕೊಡುವ ಬೊಂಡ ಎಲ್ಲವೂ ಅದೇ ದಿನ. ಔತಣ ಮಾಡುವವರು ನೆಂಟರಲ್ಲಿ ಅಂಥವರು ಇದ್ದಾರೆಂದು ತಿಳಿದಿದ್ದರೆ ಪಂಕ್ತಿಯಲ್ಲಿ ಒತ್ತಾಯ ಮಾಡಬೇಡಿ. ಬಡಿಸುವ ಹುಡುಗರಿಗೂ ಮೊದಲೇ ಹೇಳಿಡಿ. ಬಸಿದ ಅನ್ನ, ಬೇಯಿಸಿ ನೀರು ತೆಗೆದ ಪಲ್ಯ ಒಂದನ್ನು ಅವರಿಗಾಗಿ ತೆಗೆದಿರಿಸಲು ಅಡುಗೆಯವರಿಗೆ ಹತ್ತು ನಿಮಿಷ ಸಾಕು.

ನೋಡಲು ಹೋಗುವವರು ಏನನ್ನಾದರೂ ಒಯ್ಯಲೇಬೇಕೆಂದಿದ್ದರೆ ಮೊದಲು ಮನೆಯವರಿಗೆ ಫೋನು ಮಾಡಿ ಕೇಳಿ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಅನಾನಸಿನ ಒಂದೆರಡು ಹೋಳು ಆದೀತು. ಇಲ್ಲವಾದರೆ ಬರಿಗೈಯಲ್ಲಿ ಹೋಗಿ ಅರ್ಧ ಗಂಟೆ ಕುಳಿತು ಮಾತನಾಡಿಸಿ ಬನ್ನಿ. ಡಯಾಲಿಸಿಸ್ ಆದ ದಿನ ಸಂಜೆ ಹೋಗಬೇಡಿ, ಅಂದು ಅವರಿಗೆ ಆಯಾಸವಿರುತ್ತದೆ. ಮರುದಿನ ಬೆಳಗ್ಗೆ ಹೋದರೆ ಒಳ್ಳೆಯದು.